ಫೋಟೊ 50 ಕೆಬಿ ಒಳಗಿರಬೇಕಾ? ಮೊದಲು ಅಳತೆ ಕಡಿಮೆ ಮಾಡಿ

ಹೋದ ತಿಂಗಳು ಕೋಲಾರದ ಸೈಬರ್ ಸೆಂಟರೊಂದರಲ್ಲಿ ಜೆರಾಕ್ಸ್‌ಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ಕೆಲಸದ ಅರ್ಜಿ ತುಂಬುತ್ತಿದ್ದಳು. ‘ಫೋಟೊ 50 ಕೆಬಿ ಒಳಗಿರಬೇಕು’ ಎಂದಿತ್ತು. ಅವಳ ಮೊಬೈಲಿನಲ್ಲಿದ್ದದ್ದು 4 ಎಂಬಿ. ಯಾವುದೋ ಆ್ಯಪ್‌ನಲ್ಲಿ ಕುಗ್ಗಿಸಿ ಕುಗ್ಗಿಸಿ 48ಕ್ಕೆ ತಂದಳು. ಆದರೆ ಕಣ್ಣು, ಹುಬ್ಬು ಎಲ್ಲ ಚೌಕ ಚೌಕವಾಗಿ ಒಡೆದುಹೋಗಿತ್ತು. ‘ಇದು ನಾನೇನಾ ಅಣ್ಣಾ?’ ಎಂದು ಅಂಗಡಿಯವರನ್ನು ಕೇಳಿದಳು. ನನಗೆ ಸಂಕಟವಾಯಿತು. ಅಳತೆ ಬೇರೆ, ತೂಕ ಬೇರೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಳತೆ ಎಂದರೆ ಚುಕ್ಕಿಗಳ ಲೆಕ್ಕ. ಈ ಚುಕ್ಕಿಗೇ ಪಿಕ್ಸೆಲ್ ಅನ್ನುವುದು. ಅಡ್ಡಕ್ಕೆ 4000, ಉದ್ದಕ್ಕೆ 3000 ಇದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ, ಅಂದರೆ 12 ಮೆಗಾಪಿಕ್ಸೆಲ್. ತೂಕ ಎಂದರೆ ಫೈಲ್ ಹಿಡಿಯುವ ಜಾಗ. ಅದರ ಲೆಕ್ಕ ಬೈಟ್, ಕೆಬಿ, ಎಂಬಿ; ಒಂದು ಎಂಬಿ ಅಂದರೆ ಸುಮಾರು 10 ಲಕ್ಷ ಬೈಟ್. ಒಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಬೇಕು. ಹಾಗೇ ಬಿಟ್ಟರೆ ಆ ಫೋಟೊ 36 ಎಂಬಿ ತೂಗುತ್ತದೆ! ಜೆಪೆಗ್ ಎಂಬ ಫೈಲ್ ಬಗೆ ಅದನ್ನು ಅಮುಕಿ ಮೂರು ನಾಲ್ಕು ಎಂಬಿಗೆ ಇಳಿಸುತ್ತದೆ. ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕಿಗಳ ಚೌಕಗಳಾಗಿ ಹಂಚಿಕೊಂಡು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಡುತ್ತಾ ಹೋಗುತ್ತದೆ. ಜಾಸ್ತಿ ಅಮುಕಿದರೆ ಆ ಚೌಕಗಳೇ ಎದ್ದು ಕಾಣುತ್ತವೆ. ಹುಡುಗಿಯ ಮುಖದಲ್ಲಿ ಕಂಡದ್ದು ಅವೇ.

ಹಾಗಾಗಿ ಮೊದಲು ಚುಕ್ಕಿ ಕಡಿಮೆ ಮಾಡಿ, ಆಮೇಲೆ ಬೇಕಿದ್ದರೆ ಅಮುಕಿ.

ಮೊದಲ ಕೆಲಸ, ಅಸಲು ಫೋಟೊದ ಕಾಪಿ ತೆಗೆದುಕೊಳ್ಳುವುದು. ಅಸಲನ್ನು ಮುಟ್ಟಬೇಡಿ. ಕಾಪಿಯಲ್ಲಿ ತಲೆಯಿಂದ ಭುಜದವರೆಗೆ ಉಳಿಸಿಕೊಂಡು, ಬೇಕಾದ ಅಳತೆಯ ಅಡ್ಡ–ಉದ್ದಕ್ಕೆ ಹೊಂದುವಂತೆ ಸುತ್ತಲಿನದನ್ನು ಕ್ರಾಪ್ ಮಾಡಿ. ಕಂಪ್ಯೂಟರಿನ ಪೇಂಟ್‌ನಲ್ಲಿ ತೆರೆದು ರೀಸೈಜ್ ಒತ್ತಿ, ಪಿಕ್ಸೆಲ್ ಆರಿಸಿ. ಅರ್ಜಿಯಲ್ಲೇ ಅಳತೆ ಕೊಟ್ಟಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮೂರೂವರೆ, ನಾಲ್ಕೂವರೆ ಸೆಂಟಿಮೀಟರಿನ ಪಾಸ್‌ಪೋರ್ಟ್ ಫೋಟೊಗೆ ಅಡ್ಡ 413, ಉದ್ದ 531 ಪಿಕ್ಸೆಲ್ ಸಾಕು. ಅಡ್ಡ–ಉದ್ದದ ಹೊಂದಿಕೆ ಉಳಿಸುವ ಟಿಕ್ ತೆಗೆಯಬೇಡಿ, ತೆಗೆದರೆ ಮುಖ ಸೊಟ್ಟಗಾಗುತ್ತದೆ. ಬೇರೆ ಹೆಸರಿನಲ್ಲಿ ಜೆಪೆಗ್ ಆಗಿ ಸೇವ್ ಮಾಡಿ. ಈಗ ಇರುವುದು ಸುಮಾರು 2 ಲಕ್ಷದ 20 ಸಾವಿರ ಚುಕ್ಕಿ ಮಾತ್ರ. 50 ಕೆಬಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಆಗ ಕುಗ್ಗಿಸುವ ಆ್ಯಪ್‌ನಲ್ಲಿ ಕ್ವಾಲಿಟಿ ತುಸು ಇಳಿಸಿ. ಮುಖ ಕೆಡುವುದಿಲ್ಲ.

ಚಿಕ್ಕದು ಮಾಡಿದ್ದನ್ನು ಮತ್ತೆ ಎಳೆದು ದೊಡ್ಡದು ಮಾಡಿದರೆ ಹೋದ ವಿವರ ವಾಪಸ್ ಬರುವುದಿಲ್ಲ. ಅಸಲನ್ನು ಮುಟ್ಟಬೇಡಿ ಅಂದದ್ದು ಅದಕ್ಕೇ. ಇನ್ನು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಪ್ರಿಂಟ್ ಹಾಕುವಾಗಿನ ಲೆಕ್ಕ.

ಎಲ್ಲ ಫೋಟೊವನ್ನೂ ಹೀಗೆ ಕುಗ್ಗಿಸಬಾರದು. ನಮ್ಮ ಕಡೆ ಟೊಮೆಟೊ ಎಲೆಯಲ್ಲಿ ಕಂದು ಚುಕ್ಕೆ ಕಂಡ ಕೂಡಲೇ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ‘ಏನು ರೋಗ ಸಾರ್?’ ಎಂದು ಕೇಳುತ್ತೇವೆ, ಅಲ್ವಾ? ಅಂಗಮಾರಿ ರೋಗದ ಒಂದು ಬಗೆಯಲ್ಲಿ ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ ಇರುತ್ತವೆ. ರೋಗ ಗುರುತಿಸಲು ಅವು ಕಾಣಲೇಬೇಕು. ಸುಮ್ನೆ ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತದೆ, ಉಂಗುರ ಕಲಸಿಹೋಗಿ ಬರೀ ಕಂದು ಮಚ್ಚೆ ಉಳಿಯಬಹುದು. ಅಂಥ ಫೋಟೊವನ್ನು ಪಿನ್ ಗುರುತು (ಐಫೋನಿನಲ್ಲಿ +) ಒತ್ತಿ, ಡಾಕ್ಯುಮೆಂಟ್ ಆರಿಸಿ ಕಳಿಸಿ. ತೆಗೆದದ್ದು ತೆಗೆದಂತೆಯೇ ತಲುಪುತ್ತದೆ.