ಮೂವತ್ತೈದು ಕಿಲೋ ಒಣದ್ರಾಕ್ಷಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಎಂಟನೇ ತರಗತಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಸಮೀಕರಣದ ಪಾಠಕ್ಕೆ ಮೊದಲೆಲ್ಲ ಒಂದೇ ಮಂತ್ರ: ‘ಆ ಕಡೆ ದಾಟಿದರೆ ಚಿಹ್ನೆ ಬದಲು.’ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತಿತ್ತು. ಅಲ್ಲೇ ಎಡವಟ್ಟು.

ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎನ್ನುತ್ತಿದ್ದರು. ಎಷ್ಟೋ ಅಷ್ಟು ಅಂತ. ಬರೆಯುವಾಗ ಬರೀ ‘ಯಾ’. ನನಗದು ಇಷ್ಟ, ಬೋರ್ಡಿನ ಮೇಲೂ ಹಾಗೇ ಬರೆಯುತ್ತೇನೆ.

ಒಮ್ಮೆ 5ಯಾ = 20 ಕೊಟ್ಟೆ. ಒಬ್ಬ ಹುಡುಗ ಮೈನಸ್ 4 ಅಂತ ಉತ್ತರ ತಂದ. ಯಾಕೋ ಅಂದರೆ, ‘ಐದು ದಾಟ್ತಲ್ರಿ ಸರ್, ಮೈನಸ್ ಆಗಬೇಕಲ್ರಿ?’ ನಾನು ಹೇಳಿದ್ದನ್ನೇ ಅವನು ಮಾಡಿದ್ದ!

ಅವತ್ತಿನಿಂದ ‘ದಾಟು’ ಎಂಬ ಮಾತು ಬಿಟ್ಟೆ. ಯಾ + 7 = 19 ಇದ್ದರೆ ಎರಡೂ ಕಡೆ 7 ಕಳೆಯಿರಿ. 5ಯಾ = 20 ಇದ್ದರೆ ಎರಡೂ ಕಡೆ 5ರಿಂದ ಭಾಗಿಸಿರಿ. ಪ್ರತಿ ಸಾಲೂ ಬರೆಯಬೇಕು. ಹಾಳೆ ಜಾಸ್ತಿ ಖರ್ಚಾಗುತ್ತದೆ, ಆಗಲಿ. ಸ್ವಲ್ಪ ದಿನಕ್ಕೆ ಅವರೇ ಸಾಲು ಬಿಟ್ಟು ಬರೆಯುತ್ತಾರೆ, ಆದರೆ ಏನು ಬಿಟ್ಟೆವು ಅಂತ ಗೊತ್ತಿರುತ್ತದೆ. 3(ಯಾ − 4) ಬಿಡಿಸಿ 3ಯಾ − 12 ಅನ್ನುವ ಬದಲು 3ಯಾ − 4 ಅನ್ನುವವರು ಮಾತ್ರ ಪ್ರತಿ ವರ್ಷ ಇದ್ದೇ ಇರುತ್ತಾರೆ.

ನಿಜವಾದ ಕಷ್ಟ ಬಿಡಿಸುವುದರಲ್ಲಿಲ್ಲ, ಸಮೀಕರಣ ಕಟ್ಟುವುದರಲ್ಲಿ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಇಲ್ಲಿನ ಮಕ್ಕಳಲ್ಲವೇ, ದ್ರಾಕ್ಷಿ ಲೆಕ್ಕವೇ ಕೊಡೋಣ ಎಂದುಕೊಂಡೆ. 100 ಕಿಲೋ ಹಸಿ ದ್ರಾಕ್ಷಿಯಲ್ಲಿ 80 ಕಿಲೋ ನೀರು ಅಂತ ಇಟ್ಟುಕೊಳ್ಳಿ. ಒಣಗಿದ ಮೇಲೆ ನೂರಕ್ಕೆ 15 ಪಾಲು ನೀರು ಉಳಿಯಬೇಕು. ಒಣದ್ರಾಕ್ಷಿ ಎಷ್ಟು? ಬಾಯಿಲೆಕ್ಕದಲ್ಲೇ ಹೇಳಿಬಿಟ್ಟೆ: 80ರಲ್ಲಿ 15 ಹೋದರೆ 65, ಅಷ್ಟು ನೀರು ಆರಿತು, ಉಳಿದದ್ದು 35 ಕಿಲೋ.

ಹಿಂದಿನ ಸಾಲಿನಿಂದ ನಗು. ‘ನೂರಕ್ಕ ಮೂವತ್ತೈದು ಬಂದ್ರ ನಮ್ಮಪ್ಪ ಸಾಲ ಯಾಕ ಮಾಡ್ತಿದ್ನರಿ ಸರ್? ನಾಲ್ಕು ಕಿಲೋಕ್ಕ ಒಂದು ಕಿಲೋ ಬರೋದ್ರಿ.’

ಅವನದೇ ಸರಿ. 80 ಇದ್ದದ್ದು ಹಸಿ ಹಣ್ಣಿನ ನೂರರಲ್ಲಿ, 15 ಇರುವುದು ಒಣಗಿದ್ದರ ನೂರರಲ್ಲಿ. ಎರಡು ಬೇರೆ ನೂರುಗಳನ್ನು ನಾನು ಕಳೆದಿದ್ದೆ. ಹಾಗಾದರೆ ಯಾವುದು ಬದಲಾಗಲ್ಲ? ಶೆಡ್ಡಿನಲ್ಲಿ ಆರುವುದು ನೀರು. ತಿರುಳು, ಸಕ್ಕರೆ ಎಲ್ಲ ಸೇರಿದ ಗಟ್ಟಿ ಭಾಗ 20 ಕಿಲೋ ಹಾಗೇ ಇರುತ್ತದೆ. ಒಣದ್ರಾಕ್ಷಿ ‘ಯಾ’ ಕಿಲೋ ಆದರೆ ಅದರಲ್ಲಿ ಗಟ್ಟಿ ಭಾಗ ನೂರಕ್ಕೆ 85. ಅಂದರೆ 0.85ಯಾ = 20. ಎರಡೂ ಕಡೆ 0.85ರಿಂದ ಭಾಗಿಸಿದರೆ ಸುಮಾರು 23.5 ಕಿಲೋ. ತಾಳೆ ನೋಡಿದೆವು: 23.5ರಲ್ಲಿ ನೂರಕ್ಕೆ 15 ಅಂದರೆ ಸುಮಾರು 3.5 ಕಿಲೋ ನೀರು, ಗಟ್ಟಿ ಭಾಗ 20. ಕೂಡಿದರೆ ಸರಿಹೋಯಿತು. ನಾಲ್ಕಕ್ಕೆ ಒಂದರ ಲೆಕ್ಕಕ್ಕೂ ಹತ್ತಿರ.

ಮರುದಿನ ಆ ಹುಡುಗ ನೋಟ್‌ಬುಕ್ ಹಿಡಿದೇ ಬಂದ. ಹಣ್ಣು ಪೂರ್ತಿ ಮಾಗದಿದ್ದರೆ ಐದಕ್ಕೆ ಒಂದೇ ಬರುತ್ತದೆ ಎಂದು ಅವರಪ್ಪ ಹೇಳಿದ್ದರಂತೆ. ಹಾಗಾದರೆ ಆ ಹಣ್ಣಿನಲ್ಲಿ ನೀರು ಎಷ್ಟಿತ್ತು ಎಂದು ಉಲ್ಟಾ ಲೆಕ್ಕ ಹಾಕಿದ್ದ: 100 − ಯಾ = 17, ಯಾ = 83. 17 ಎಲ್ಲಿಂದ ಬಂತೋ ಅಂದೆ.

‘ಐದಕ್ಕ ಒಂದಂದ್ರ ನೂರಕ್ಕ ಇಪ್ಪತ್ತಲ್ರಿ. ಇಪ್ಪತ್ತಕ್ಕ ಎಂಬತ್ತೈದು ಪರ್ಸೆಂಟ್ ಹಿಡೀರಿ ಸರ್,’ ಅಂದ.