ಸಿನಿಮಾ ಓಡುತ್ತೆ, ಚಾನೆಲ್ ಮಾತ್ರ ನಿಲ್ಲುತ್ತೆ: ನನ್ನ ಗಿರಗಿಟ್ಲೆ ಕಥೆ

ನಮ್ಮ ಮನೆಯಲ್ಲಿ ಬಫರಿಂಗ್ ಅಂತ ಯಾರೂ ಹೇಳುವುದಿಲ್ಲ. ಟಿವಿ ನಡುವೆ ಸುತ್ತುವ ಆ ಬಿಳಿ ಚಕ್ರಕ್ಕೆ ಅಪ್ಪ ಇಟ್ಟ ಹೆಸರು ಗಿರಗಿಟ್ಲೆ. "ಬಂತು ನೋಡು ಗಿರಗಿಟ್ಲೆ" ಅಂತ ಹಾಲ್‌ನಿಂದ ಕೂಗು ಬಂದರೆ ನಾನು ಕೈಲಿದ್ದ ಕೆಲಸ ಬಿಟ್ಟು ಏಳಬೇಕು. ಡಿಶ್ ತೆಗೆಸಿ ಉಚಿತ ಸ್ಟ್ರೀಮಿಂಗ್ ಚಾನೆಲ್‌ಗಳಿಗೆ ಬಂದದ್ದು ನನ್ನದೇ ಐಡಿಯಾ. ಹಾಗಾಗಿ ಗಿರಗಿಟ್ಲೆ ಬಂದಾಗಲೆಲ್ಲಾ ತಪ್ಪೂ ನನ್ನದೇ.

ಹಳೇ ಟಿವಿ, ಅದರ ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸಿದ, ನೆಟ್‌ನಿಂದ ಚಾನೆಲ್ ತರುವ ಒಂದು ಸ್ಟಿಕ್, ಮೂಲೆಯಲ್ಲಿ ರೂಟರ್. ಇಷ್ಟೇ ನಮ್ಮ ಸರಂಜಾಮು. ನೋಡುವುದು ಚಂದಾ ಇಲ್ಲದ ಚಾನೆಲ್‌ಗಳನ್ನು. ಮಧ್ಯೆ ಮಧ್ಯೆ ಜಾಹೀರಾತು ಬರುತ್ತದೆ, ಖರ್ಚು ಅಲ್ಲೇ ವಸೂಲಾಗುತ್ತದೆ. ಈ ಜಾಹೀರಾತಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲ ತಿಂಗಳು ನಾನು ಮಾಡಿದ್ದು ಶುದ್ಧ ಗಾಬರಿ ಕೆಲಸ. ಚಾನೆಲ್ ನಿಂತಿತಾ? ರೂಟರ್ ಆಫ್ ಮಾಡಿ ಆನ್ ಮಾಡು, ಆ್ಯಪ್ ತೆಗೆದು ಮತ್ತೆ ಹಾಕು, ಸ್ಟಿಕ್ ರೀಸೆಟ್ ಮಾಡು. ಎಲ್ಲವೂ ಒಂದೇ ಸಂಜೆ. ಎರಡು ದಿನ ಚೆನ್ನಾಗಿ ಓಡುತ್ತಿತ್ತು, ಮೂರನೇ ದಿನ ಮತ್ತೆ ಗಿರಗಿಟ್ಲೆ. ಯಾವುದರಿಂದ ಸರಿಹೋಗಿತ್ತು ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹೊಸ ರೂಟರ್ ಕೂಡ ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಹೊಸ ರೂಟರ್‌ನಲ್ಲೂ ಅದೇ ಕಥೆ.

ಆಮೇಲೆ ಒಂದು ಹಳೇ ನೋಟ್‌ಬುಕ್ ಟಿವಿ ಪಕ್ಕ ಇಟ್ಟೆ. ನಿಂತಾಗ ಏನೂ ಮುಟ್ಟಬೇಡಿ, ಸುಮ್ನೆ ಟೈಮ್ ಬರೆಯಿರಿ, ಯಾವ ಚಾನೆಲ್, ಟಿವಿಯಲ್ಲಿ ಏನು ಕಾಣಿಸಿತು ಬರೆಯಿರಿ ಅಂತ ಅಪ್ಪನಿಗೆ ಹೇಳಿದೆ. ಅಪ್ಪ ನಿವೃತ್ತ ಲೆಕ್ಕಿಗರು. ಒಂದು ವಾರದಲ್ಲಿ ಎರಡು ಪುಟ ತುಂಬಿಸಿದರು, ಗೆರೆ ಎಳೆದು ಕಾಲಂ ಮಾಡಿ. ಆ ಎರಡು ಪುಟ ಇಲ್ಲದಿದ್ದರೆ ನಾನು ಇವತ್ತಿಗೂ ರೂಟರ್ ಆಫ್ ಆನ್ ಮಾಡುತ್ತಾ ಕೂತಿರುತ್ತಿದ್ದೆ.

ನೋಟ್‌ಬುಕ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದು. ಅದೇ ಆ್ಯಪ್‌ನಲ್ಲಿ ಸಿನಿಮಾ ಹಾಕಿದರೆ ಎರಡು ಗಂಟೆ ಆರಾಮಾಗಿ ಓಡುತ್ತದೆ. ಲೈವ್ ಚಾನೆಲ್ ಹಾಕಿದರೆ ನಿಲ್ಲುತ್ತದೆ. ನೆಟ್ ಕೆಟ್ಟಿದ್ದರೆ ಎರಡೂ ನಿಲ್ಲಬೇಕು ಅಲ್ವಾ? ಹಾಗೇನಿಲ್ಲ. ಇಂಥ ಚಾನೆಲ್‌ಗಳು ಸಾಮಾನ್ಯವಾಗಿ ಬರುವುದು ಎಚ್‌ಎಲ್‌ಎಸ್ ಅನ್ನೋ ಪದ್ಧತಿಯಲ್ಲಿ, ಆ್ಯಪಲ್ 2009ರಲ್ಲಿ ತಂದದ್ದು. ವಿಡಿಯೊ ಉದ್ದಕ್ಕೆ ಹರಿದು ಬರುವುದಿಲ್ಲ, ಸುಮಾರು 6 ಸೆಕೆಂಡಿನ ತುಂಡು ತುಂಡಾಗಿ ಬರುತ್ತದೆ. ಯಾವ ತುಂಡಿನ ನಂತರ ಯಾವುದು ಅನ್ನೋ ಪಟ್ಟಿಯನ್ನು ಸ್ಟಿಕ್ ಮತ್ತೆ ಮತ್ತೆ ತರಿಸಿಕೊಂಡು ನೋಡುತ್ತಿರುತ್ತದೆ. ಸಿನಿಮಾದಲ್ಲಿ ಎಲ್ಲಾ ತುಂಡುಗಳೂ ಮೊದಲೇ ಇವೆ. ನೆಟ್ ಚೆನ್ನಾಗಿದ್ದಾಗ ಒಂದಷ್ಟು ಮುಂದಿನದನ್ನೂ ಎಳೆದಿಟ್ಟುಕೊಳ್ಳಬಹುದು, ಆಮೇಲೆ ನೆಟ್ ಅರ್ಧ ನಿಮಿಷ ಕೈಕೊಟ್ಟರೂ ನಮಗೆ ಗೊತ್ತಾಗುವುದಿಲ್ಲ. ಲೈವ್ ಚಾನೆಲ್‌ನಲ್ಲಿ ಮುಂದಿನ ತುಂಡು ಇನ್ನೂ ಪಟ್ಟಿಗೇ ಬಂದಿರುವುದಿಲ್ಲ, ಕೂಡಿಡುವುದು ಎಲ್ಲಿಂದ? ಕೈಯಲ್ಲಿ ಎರಡು ಮೂರು ತುಂಡು ಇದ್ದರೆ ಹೆಚ್ಚು. ನೆಟ್ ಇಪ್ಪತ್ತು ಸೆಕೆಂಡ್ ಎಡವಿದರೆ ಸಾಕು, ಗಿರಗಿಟ್ಲೆ.

ಹಾಗಾದರೆ ನೆಟ್ ಎಡವುತ್ತಿರುವುದು ಎಲ್ಲಿ? ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 60 ಎಂಬಿಪಿಎಸ್ ತೋರಿಸುತ್ತಿತ್ತು. ಎಚ್‌ಡಿ ಚಾನೆಲ್‌ಗೆ 5 ಇದ್ದರೆ ಸಾಕು. ಆದರೆ ನಾನು ಟೆಸ್ಟ್ ಮಾಡುತ್ತಿದ್ದದ್ದು ರೂಟರ್ ಪಕ್ಕ ನಿಂತು! ಚಾನೆಲ್ ನೋಡುವುದು ಫೋನ್ ಅಲ್ಲ, ಸ್ಟಿಕ್. ಸ್ಟಿಕ್‌ನಲ್ಲೇ ಬ್ರೌಸರ್ ಹಾಕಿ ಟೆಸ್ಟ್ ಮಾಡಿದಾಗ 4 ಬಂತು, ಇನ್ನೊಮ್ಮೆ 2.

ಟಿವಿಯನ್ನು ಗೋಡೆಯಿಂದ ಎಳೆದು ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಸ್ಟಿಕ್ ಎಚ್‌ಡಿಎಂಐ ಪೋರ್ಟ್‌ಗೆ ನೇರವಾಗಿ ಸಿಕ್ಕಿಕೊಂಡು, ಟಿವಿಯ ತಗಡಿಗೂ ಗೋಡೆಗೂ ಮಧ್ಯೆ ಅಪ್ಪಚ್ಚಿಯಾಗಿ ಕೂತಿತ್ತು. ಮುಟ್ಟಿದರೆ ಬಿಸಿ. ಅಲ್ಲಿಗೆ ವೈಫೈ ಹೋಗುವುದೇ ಕಷ್ಟ. ಸ್ಟಿಕ್ ಡಬ್ಬಿಯಲ್ಲಿ ಗೇಣುದ್ದವೂ ಇಲ್ಲದ ಒಂದು ಎಚ್‌ಡಿಎಂಐ ಎಕ್ಸ್‌ಟೆಂಡರ್ ಇರುತ್ತದಲ್ಲ, ಇದ್ಯಾಕೆ ಅಂತ ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿದ್ದೆ. ಅದು ಇರುವುದು ಇದಕ್ಕೇ. ಅದನ್ನು ತಂದು ಸ್ಟಿಕ್ ಅನ್ನು ಟಿವಿಯ ಅಂಚಿನ ಆಚೆ ಇಣುಕುವ ಹಾಗೆ ಇಳಿಬಿಟ್ಟೆ. ಸ್ಪೀಡ್ 4ರಿಂದ 18ಕ್ಕೆ ಹೋಯಿತು. ಆಮೇಲೆ 2.4 ಗಿಗಾಹರ್ಟ್ಸ್‌ನಿಂದ 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದೆ, 40 ದಾಟಿತು. 2.4ರಲ್ಲಿ ಅಕ್ಕಪಕ್ಕದವರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಸಂತೆ ನೆರೆದಿರುತ್ತವೆ. 5ರಲ್ಲಿ ಜನ ಕಡಿಮೆ, ಆದರೆ ಅದಕ್ಕೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ರೂಟರ್ ಅದೇ ಕೋಣೆಯಲ್ಲಿದ್ದರೆ 5, ಮಧ್ಯೆ ಎರಡು ಗೋಡೆ ಇದ್ದರೆ 2.4 ಹಾಕಿ ನೋಡಿ.

ಇದೇ ಸಮಯದಲ್ಲಿ ಇನ್ನೊಂದು ಸಣ್ಣ ರೋಗವೂ ಸಿಕ್ಕಿತು. ನೋಟ್‌ಬುಕ್‌ನಲ್ಲಿ ಅಪ್ಪ ಮೂರು ಕಡೆ "ತಾನೇ ಆಫ್ ಆಗಿ ಆನ್ ಆಯಿತು" ಅಂತ ಬರೆದಿದ್ದರು. ಒಂದು ವೈರ್ ಕಡಿಮೆ ಆಗಲಿ ಅಂತ ನಾನು ಸ್ಟಿಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿ ಪೋರ್ಟ್‌ನಿಂದ ಕೊಟ್ಟಿದ್ದೆ. ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡುವ ಲೆಕ್ಕ 500 ಮಿಲಿಆ್ಯಂಪ್. ಸ್ಟಿಕ್ ಜೊತೆ ಬಂದ ಅಡಾಪ್ಟರ್ ಮೇಲೆ ಬರೆದಿರುವುದು 1 ಆ್ಯಂಪ್. ಸುಮ್ಮನಿದ್ದಾಗ ಸಾಲುತ್ತದೆ, ಚಾನೆಲ್ ಬದಲಿಸಿದಾಗ ಸಾಲುವುದಿಲ್ಲ, ತಲೆ ತಿರುಗಿ ಬೀಳುತ್ತದೆ. ಅಡಾಪ್ಟರ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಿದ ಮೇಲೆ ಆ ಕಾಟ ಮತ್ತೆ ಬರಲಿಲ್ಲ.

ಎಲ್ಲಾ ಮುಗಿಯಿತು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಮತ್ತೆ ಕೂಗು.

ಈ ಸಲದ್ದು ಬೇರೆ ಥರ. ಗಿರಗಿಟ್ಲೆಯೂ ಇಲ್ಲ. ಪೂರ್ತಿ ಕಪ್ಪು, ಸದ್ದಿಲ್ಲ. ಹಿಂದಕ್ಕೆ ಹೋಗಿ ಅದೇ ಚಾನೆಲ್ ಹಾಕಿದರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಪ್ಪು. ನೆಟ್ ಸ್ಪೀಡ್ ಇದೆ, ಬೇರೆ ಆ್ಯಪ್‌ಗಳು ಓಡುತ್ತಿವೆ. ತಲೆ ಕೆಟ್ಟಿತು. ನೋಟ್‌ಬುಕ್ ತೆಗೆದು ಟೈಮ್‌ಗಳನ್ನು ನೋಡಿದೆ. 7:12, 7:26, 7:41. ಸುಮಾರು ಕಾಲು ಗಂಟೆಗೊಮ್ಮೆ. ಯಾವ ರೋಗ ಹೀಗೆ ಗಡಿಯಾರ ನೋಡಿಕೊಂಡು ಬರುತ್ತದೆ? ಅಪ್ಪನನ್ನು ಕೇಳಿದೆ, ನಿಲ್ಲುವ ಮುಂಚೆ ಏನು ಬರ್ತಿತ್ತು ಅಂತ. "ಏನಿಲ್ಲ ಕಣೋ, ಅವನು 'ಒಂದು ಸಣ್ಣ ವಿರಾಮ' ಅಂದ, ನಿಂತೋಯ್ತು."

ಆಗ ಹೊಳೆಯಿತು. ನಿಲ್ಲುತ್ತಿದ್ದದ್ದು ಜಾಹೀರಾತಿನ ಜಾಗದಲ್ಲಿ.

ಹಿಂದಿನ ವಾರವಷ್ಟೇ ನಾನು ರೂಟರ್‌ನಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ ಹಾಕಿದ್ದೆ. ಫೋನ್‌ಗಳಲ್ಲಿ ಜಾಹೀರಾತಿನ ಕಾಟ ತಪ್ಪಲಿ ಅಂತ. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ. ತಡೆಯುವ ಡಿಎನ್‌ಎಸ್ ಏನು ಮಾಡುತ್ತದೆಂದರೆ, ಜಾಹೀರಾತು ಕಂಪನಿಯ ಹೆಸರು ಕೇಳಿದಾಗ 0.0.0.0 ಅಂತಲೋ, ಅಂಥವರೇ ಇಲ್ಲ ಅಂತಲೋ ಹೇಳಿಬಿಡುತ್ತದೆ. ವೆಬ್‌ಸೈಟ್‌ನಲ್ಲಾದರೆ ಆ ಜಾಗ ಖಾಲಿ ಕಾಣುತ್ತದೆ, ಓದುವುದಕ್ಕೇನೂ ತೊಂದರೆಯಿಲ್ಲ. ಟಿವಿ ಚಾನೆಲ್‌ನಲ್ಲಿ ಹಾಗಲ್ಲ. ಕೆಲವು ಕಡೆ ಜಾಹೀರಾತಿನ ತುಂಡುಗಳನ್ನೂ ಕಾರ್ಯಕ್ರಮದ ಪಟ್ಟಿಯಲ್ಲೇ ಪೋಣಿಸಿರುತ್ತಾರೆ, ಆದರೆ ಆ ತುಂಡುಗಳು ಬೇರೆ ವಿಳಾಸದಿಂದ ಬರಬೇಕು. ಆ ವಿಳಾಸ ಸಿಗದಿದ್ದರೆ ಪಟ್ಟಿಯಲ್ಲಿ ಹಳ್ಳ ಬಿದ್ದ ಹಾಗೆ, ಪ್ಲೇಯರ್ ಅಲ್ಲೇ ನಿಲ್ಲುತ್ತದೆ. ಇನ್ನು ಕೆಲವು ಕಡೆ ಜಾಹೀರಾತನ್ನು ಆ್ಯಪೇ ಹೋಗಿ ತರಬೇಕು. ಚೆನ್ನಾಗಿ ಬರೆದ ಆ್ಯಪ್ ಸ್ವಲ್ಪ ಹೊತ್ತು ಕಾದು ಮುಂದೆ ಹೋಗುತ್ತದೆ. ಇಲ್ಲದ್ದು ಬಾಗಿಲಲ್ಲಿ ನಿಂತು ಕಾಯುತ್ತಲೇ ಇರುತ್ತದೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲಾ ಹುಡುಕಿದವನು ನಾನೇ.

ಸಂಶಯ ಪೂರ್ತಿ ಹೋಗಲಿ ಅಂತ ಒಂದು ಪರೀಕ್ಷೆ ಮಾಡಿದೆ. ಫೋನ್‌ನ ಹಾಟ್‌ಸ್ಪಾಟ್ ಆನ್ ಮಾಡಿ ಸ್ಟಿಕ್ ಅನ್ನು ಅದಕ್ಕೆ ಸೇರಿಸಿದೆ, ಅಲ್ಲಿ ರೂಟರ್‌ನ ತಡೆ ಇರುವುದಿಲ್ಲ. ವಿರಾಮ ಬಂತು, ಸೋಪಿನ ಜಾಹೀರಾತು ಬಂತು, ಕಾರ್ಯಕ್ರಮ ಮುಂದುವರಿಯಿತು. ಜೀವನದಲ್ಲಿ ಸೋಪಿನ ಜಾಹೀರಾತು ನೋಡಿ ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ. ಆಮೇಲೆ ಸ್ಟಿಕ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದೊಂದಕ್ಕೆ ಮಾತ್ರ ಮಾಮೂಲಿ ಡಿಎನ್‌ಎಸ್, ಅಂದರೆ 8.8.8.8 ಹಾಕಿದೆ. ಫೋನ್‌ಗಳಿಗೆ ತಡೆ ಹಾಗೇ ಇದೆ. ಪುಕ್ಕಟೆ ಚಾನೆಲ್ ಬೇಕು, ಜಾಹೀರಾತು ಮಾತ್ರ ಬೇಡ ಅಂದರೆ ನಡೆಯುವುದಿಲ್ಲ, ಅದು ನ್ಯಾಯವೂ ಅಲ್ಲ.

ಈ ಹಾಟ್‌ಸ್ಪಾಟ್ ಪರೀಕ್ಷೆ ಬಹಳ ಕೆಲಸಕ್ಕೆ ಬರುವಂಥದ್ದು. ಹಾಟ್‌ಸ್ಪಾಟ್‌ನಲ್ಲಿ ಓಡಿದರೆ ತೊಂದರೆ ಮನೆಯ ನೆಟ್‌ನದು. ಅಲ್ಲೂ ಓಡದಿದ್ದರೆ ಆ್ಯಪ್, ಸ್ಟಿಕ್ ಅಥವಾ ಚಾನೆಲ್‌ನದು. ಎರಡು ನಿಮಿಷದಲ್ಲಿ ಅರ್ಧ ಅನುಮಾನ ಕಳೆಯುತ್ತದೆ. ಎಚ್‌ಡಿಯಲ್ಲಿ ಒಂದು ಗಂಟೆಗೆ ಎರಡು ಜಿಬಿ ಆಸುಪಾಸು ಡೇಟಾ ಹೋಗುತ್ತದೆ, ನೋಡಿಕೊಂಡು ಬೇಗ ಆಫ್ ಮಾಡಿ ಅಷ್ಟೇ.

ರೂಮಿನಲ್ಲಿದ್ದ ಹಳೇ ಆ್ಯಂಡ್ರಾಯ್ಡ್ ಬಾಕ್ಸ್‌ದು ಇನ್ನೊಂದು ಕಥೆ. ಅದರಲ್ಲಿ ಕೆಲವು ಚಾನೆಲ್ ಬರುತ್ತಿದ್ದವು, ಕೆಲವು ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತವು, "ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ" ಅನ್ನೋ ಅರ್ಥದ ಸಂದೇಶದ ಜೊತೆ. ಮೊದಲು ತಾರೀಖು ನೋಡಿದೆ. ಬಾಕ್ಸ್‌ನ ತಾರೀಖು ತಪ್ಪಿದ್ದರೆ ಸರ್ವರ್ ತಾನು ಅಸಲಿ ಅಂತ ತೋರಿಸುವ ಪ್ರಮಾಣಪತ್ರದ ಅವಧಿ ಮುಗಿದಿದೆ ಅಂತಲೋ, ಇನ್ನೂ ಶುರುವಾಗಿಲ್ಲ ಅಂತಲೋ ಅದು ತಿಳಿಯುತ್ತದೆ, ಒಳಗೆ ಬಿಡುವುದಿಲ್ಲ. ತಾರೀಖು ಸರಿಯಾಗಿತ್ತು. ತೊಂದರೆ ಇದ್ದದ್ದು ಬಾಕ್ಸ್‌ನ ವಯಸ್ಸಿನಲ್ಲಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಉಚಿತವಾಗಿ ಇಂಥ ಪ್ರಮಾಣಪತ್ರ ಕೊಡುತ್ತದೆ, ಲೆಕ್ಕವಿಲ್ಲದಷ್ಟು ಸರ್ವರ್‌ಗಳು ಅದನ್ನೇ ಬಳಸುತ್ತವೆ. ಆ್ಯಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಸಾಧನಗಳಿಗೆ ಅದರ ಹೊಸ ಮೂಲ ಪ್ರಮಾಣಪತ್ರದ ಪರಿಚಯವೇ ಇಲ್ಲ. ಅವುಗಳಿಗೆ ಪರಿಚಯವಿದ್ದ ಒಂದು ಹಳೆಯ ಸಹಿಯ ಆಸರೆಯಲ್ಲಿ ಕೆಲವು ವರ್ಷ ನಡೆಯುತ್ತಿತ್ತು, ಆ ಸಹಿಯ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನನ್ನ ಬಾಕ್ಸ್ ಆ್ಯಂಡ್ರಾಯ್ಡ್ 6. ಅಪ್‌ಡೇಟ್ ಬರುವುದಿಲ್ಲ. ಕ್ಯಾಶ್, ಅಂದರೆ ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡದ್ದನ್ನು, ಎಷ್ಟು ಸಲ ಅಳಿಸಿದರೂ ಪ್ರಯೋಜನವಿಲ್ಲ. ಅದನ್ನು ಪೆನ್‌ಡ್ರೈವ್‌ನ ಹಾಡು ಕೇಳಲು ಇಟ್ಟುಕೊಂಡಿದ್ದೇನೆ.

ಕ್ಯಾಶ್ ಅಂದಾಗ ನೆನಪಾಯಿತು. ಕ್ಯಾಶ್ ಅಳಿಸುವುದು ಬೇರೆ, ಡೇಟಾ ಅಳಿಸುವುದು ಬೇರೆ. ಡೇಟಾ ಅಳಿಸಿದರೆ ಲಾಗಿನ್, ಮೆಚ್ಚಿನ ಚಾನೆಲ್‌ಗಳ ಪಟ್ಟಿ ಎಲ್ಲಾ ಹೋಗುತ್ತದೆ. ನಾನು ಒಮ್ಮೆ ಹಾಗೆ ಮಾಡಿ, ಅಮ್ಮ ಜೋಡಿಸಿಟ್ಟಿದ್ದ ಪಟ್ಟಿ ಕಳೆದು, ಒಂದು ವಾರ ಮಾತು ಕೇಳಿದ್ದೇನೆ. ಮೊದಲು ಕ್ಯಾಶ್ ಮಾತ್ರ. ಅದಕ್ಕೂ ಮುಂಚೆ ಸ್ಟಿಕ್ ರೀಸ್ಟಾರ್ಟ್. ರಿಮೋಟ್‌ನ ಪವರ್ ಬಟನ್ ಒತ್ತಿದರೆ ಸ್ಟಿಕ್ ಮಲಗುತ್ತದೆ ಅಷ್ಟೇ, ಆಫ್ ಆಗುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಫೈರ್ ಟಿವಿ ಸ್ಟಿಕ್ ಆದರೆ ರಿಮೋಟ್‌ನ ನಡುವಿನ ಬಟನ್ ಮತ್ತು ಪ್ಲೇ ಬಟನ್ ಒಟ್ಟಿಗೆ ಐದು ಸೆಕೆಂಡ್ ಒತ್ತಿ ಹಿಡಿದರೆ ರೀಸ್ಟಾರ್ಟ್ ಆಗುತ್ತದೆ.

ಚಿತ್ರ ಬರುತ್ತದೆ, ಸದ್ದಿಲ್ಲ ಅಂದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಸರೌಂಡ್ ಅಥವಾ ಡಾಲ್ಬಿ ಇರುವುದನ್ನು ಪಿಸಿಎಂ ಅಥವಾ ಸ್ಟೀರಿಯೊಗೆ ಹಾಕಿ ನೋಡಿ. ಹಳೇ ಟಿವಿಗಳಿಗೆ ಅದೇ ಅರ್ಥವಾಗುವ ಭಾಷೆ.

ಇನ್ನು ಎಲ್ಲೆಲ್ಲೋ ಸಿಗುವ ಚಾನೆಲ್ ಲಿಂಕ್ ಪಟ್ಟಿಗಳ ವಿಷಯ. ಅವನ್ನೂ ಒಂದು ಕಾಲದಲ್ಲಿ ಹಾಕಿಕೊಂಡಿದ್ದೆ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಲಿಂಕನ್ನು ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಹಾಕಿ ನೋಡಿದರೆ 404 ಬರುತ್ತದೆ, ಅಂದರೆ ಅಲ್ಲಿ ಈಗ ಏನೂ ಇಲ್ಲ. ಅಥವಾ 403, ಇದೆ ಆದರೆ ನಿಮಗೆ ಕೊಡುವುದಿಲ್ಲ ಅಂತ. 403 ಬಂದರೆ ಲಿಂಕಿನ ಅವಧಿ ಮುಗಿದಿರಬಹುದು, ಇಲ್ಲವೇ ಆ ಚಾನೆಲ್‌ಗೆ ನಿಮ್ಮ ದೇಶದಲ್ಲಿ ತೋರಿಸುವ ಹಕ್ಕು ಇರಲಿಕ್ಕಿಲ್ಲ. ಎರಡಕ್ಕೂ ನಮ್ಮ ಸ್ಟಿಕ್‌ನಲ್ಲಿ ಔಷಧಿ ಇಲ್ಲ. ಸಾವಿರ ಚಾನೆಲ್ ಫ್ರೀ ಅನ್ನೋ ಪಟ್ಟಿಯಲ್ಲಿ ಕದ್ದ ಮಾಲೇ ಜಾಸ್ತಿ, ನಾನು ಅದನ್ನು ಕೈಬಿಟ್ಟೆ. ಚಾನೆಲ್‌ನವರೇ ಕೊಡುವ ಆ್ಯಪ್ ಸಾಕು.

ಅಲ್ಲೂ ಚಾನೆಲ್‌ಗಳು ಹೋಗುತ್ತವೆ, ಬರುತ್ತವೆ. ಅಪ್ಪನಿಗೆ ಇಷ್ಟವಾಗಿದ್ದ ಹಳೇ ಧಾರಾವಾಹಿಗಳ ಒಂದು ಚಾನೆಲ್ ಪಟ್ಟಿಯಿಂದಲೇ ಮಾಯವಾಗಿದೆ. ಮೆಚ್ಚಿನವುಗಳಲ್ಲಿ ಅದರ ಬೂದು ಚೌಕ ಮಾತ್ರ ಉಳಿದಿದೆ. ಅದನ್ನು ತೆಗೆದುಬಿಡಲಾ ಅಂತ ಕೇಳಿದೆ. "ಇರಲಿ ಬಿಡು" ಅಂದರು. ಬೆಳಗ್ಗೆ ಕಾಫಿ ಹೊತ್ತಿಗೆ ದಿನಾ ಒಂದು ಸಲ ಅದರ ಮೇಲೆ ಒತ್ತಿ ನೋಡುತ್ತಾರೆ, ನೋಟ್‌ಬುಕ್‌ನಲ್ಲಿ ಟೈಮ್ ಬರೆದು ಪಕ್ಕದಲ್ಲಿ "ಇಲ್ಲ" ಅಂತ ಬರೆಯುತ್ತಾರೆ.