ಸೋರುವ ಲಾಭವನ್ನು ಹಿಡಿಯುವುದು ಹೇಗೆ?

ಪರಿಸರ ಅಂದ ಕೂಡಲೇ ಸಣ್ಣ ಕಂಪನಿಯ ಮಾಲೀಕರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಸೋಲಾರ್ ಪ್ಯಾನೆಲ್, ಸರ್ಟಿಫಿಕೇಟ್, ಕನ್ಸಲ್ಟೆಂಟ್ ಫೀಸು, ಎಲ್ಲವೂ ಖರ್ಚಿನ ಬಾಬತ್ತು. ದೊಡ್ಡವರಿಗೆ ಸರಿ, ನಮಗೇಕೆ ಎನ್ನುತ್ತಾರೆ. ಅವರದು ತಪ್ಪಲ್ಲ, ಈ ವಿಷಯವನ್ನು ಅವರಿಗೆ ಯಾವಾಗಲೂ ಖರ್ಚಿನ ತುದಿಯಿಂದಲೇ ತೋರಿಸಲಾಗಿದೆ. ಇನ್ನೊಂದು ತುದಿಯಿಂದ ನೋಡಿ. ಚಿಮಣಿಯಲ್ಲಿ ಹೋಗುವ ಬಿಸಿ, ಚರಂಡಿಗೆ ಹೋಗುವ ಬಣ್ಣ, ಮೂಲೆಯಲ್ಲಿ ರಾಶಿ ಬಿದ್ದ ಚೂರು, ಇದೆಲ್ಲ ನೀವು ದುಡ್ಡು ಕೊಟ್ಟು ತಂದದ್ದೇ ಅಲ್ವಾ? ಗ್ರಾಹಕ ಅದಕ್ಕೆ ಒಂದು ಕಾಸೂ ಕೊಡುವುದಿಲ್ಲ. ಮೊದಲು ಆ ಸೋರಿಕೆ ಹಿಡಿಯೋಣ. ಪ್ಯಾನೆಲ್ಲು, ಸರ್ಟಿಫಿಕೇಟು ಆಮೇಲೆ.

1. ಹನ್ನೆರಡು ತಿಂಗಳ ಬಿಲ್ಲು ಒಟ್ಟು ಹಾಕಿ

ಕರೆಂಟು, ನೀರು, ಡೀಸೆಲ್, ಗ್ಯಾಸು, ಕಚ್ಚಾ ಸಾಮಾನು, ಕಸ ಸಾಗಿಸುವ ಖರ್ಚು, ಇವುಗಳ ಒಂದು ವರ್ಷದ ಬಿಲ್ಲು ಸಾಕು. ಮೂರು ತಿಂಗಳದ್ದು ಸಾಲದು. ಬೇಸಿಗೆಗೂ ಚಳಿಗೂ, ಆರ್ಡರ್ ಇರುವ ತಿಂಗಳಿಗೂ ಇಲ್ಲದ ತಿಂಗಳಿಗೂ ಲೆಕ್ಕ ಬೇರೆಯಾಗುತ್ತದೆ.

ದುಡ್ಡಿನ ಜೊತೆಗೆ ಪ್ರಮಾಣವನ್ನೂ ಬರೆಯಿರಿ. ದರ ಏರಿದರೆ ಬಿಲ್ಲು ಏರುತ್ತದೆ, ಬಳಕೆ ಏರಿದೆ ಎಂದೇನೂ ಅಲ್ಲ. ಯೂನಿಟ್, ಲೀಟರ್, ಕಿಲೋ ಬೇಕು. ಅದನ್ನು ಆ ತಿಂಗಳು ತಯಾರಾದ ಮಾಲಿನಿಂದ ಭಾಗಿಸಿ. 'ಒಂದು ನಗಕ್ಕೆ, ಅಂದರೆ ಒಂದು ಪೀಸಿಗೆ, ಇಷ್ಟು ಯೂನಿಟ್' ಎಂಬ ಸಂಖ್ಯೆ ಸಿಗುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಇದೇ ಅಳತೆಗೋಲು.

2. ಯಾರೂ ಇಲ್ಲದಾಗ ಒಂದು ಸುತ್ತು ಹಾಕಿ

ರಜೆಯ ದಿನ ಹೋಗಿ ಮೀಟರ್ ನೋಡಿ. ಏನೂ ತಯಾರಾಗದ ಹೊತ್ತಿನಲ್ಲೂ ಅದು ಓಡುತ್ತಿದ್ದರೆ ಕಾರಣ ಹುಡುಕಿ. ಆರಿಸದೆ ಬಿಟ್ಟ ಫ್ಯಾನು, ಸುಮ್ನೆ ಕಾಯುತ್ತಿರುವ ಒಲೆ, ಖಾಲಿ ಕೋಣೆಯ ಎಸಿ, ರಾತ್ರಿಯಿಡೀ ಉರಿಯುವ ದೀಪ ಸಿಗುತ್ತವೆ. ಆಫೀಸು ನಡೆಸುವವರಿಗೂ ಈ ಸುತ್ತು ಬೇಕು. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುವ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ವಿವರಿಸುವುದಿಲ್ಲ.

ಕಂಪ್ರೆಸರ್ ಇರುವವರು ಮಾತ್ರ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗಾಳಿ ಬಿಟ್ಟಿ ಎಂದು ಎಲ್ಲರೂ ತಿಳಿದಿರುತ್ತಾರೆ. ಒತ್ತಿದ ಗಾಳಿ ಬಿಟ್ಟಿಯಲ್ಲ. ಕಂಪ್ರೆಸರ್‌ಗೆ 100 ಯೂನಿಟ್ ಕರೆಂಟು ಕೊಟ್ಟರೆ ಉಪಕರಣದ ತುದಿಯಲ್ಲಿ ಕೆಲಸವಾಗಿ ಸಿಗುವುದು ಸುಮಾರು 10ರಿಂದ 15 ಯೂನಿಟ್. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಅದರ ಮೇಲೆ ಸರಿಯಾಗಿ ನೋಡಿಕೊಳ್ಳದ ಪೈಪುಗಳಲ್ಲಿ ಗಾಳಿಯ 20ರಿಂದ 30 ಶೇಕಡ ಸೋರಿಹೋಗುವುದು ಸಾಮಾನ್ಯ.

ಸೋರಿಕೆ ಅಳೆಯಲು ದುಬಾರಿ ಯಂತ್ರ ಬೇಡ. ಎಲ್ಲ ಉಪಕರಣ ನಿಲ್ಲಿಸಿ, ಕಂಪ್ರೆಸರ್ ಒಂದನ್ನೇ ಚಾಲೂ ಇಡಿ. ಗಾಳಿ ಯಾರೂ ಬಳಸುತ್ತಿಲ್ಲ, ಆದರೂ ಒತ್ತಡ ಇಳಿದಾಗ ಅದು ಮತ್ತೆ ಗಾಳಿ ತುಂಬಲು ಶುರು ಮಾಡುತ್ತದೆ. ಎಷ್ಟು ಹೊತ್ತು ತುಂಬುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಗಡಿಯಾರ ಹಿಡಿದು ನೋಡಿ. 2 ನಿಮಿಷ ತುಂಬಿ 6 ನಿಮಿಷ ಸುಮ್ಮನಿದ್ದರೆ, 8ರಲ್ಲಿ 2. ಅಂದರೆ ಕಂಪ್ರೆಸರ್‌ನ ಸಾಮರ್ಥ್ಯದ ಕಾಲುಭಾಗ ಬರೀ ತೂತುಗಳಿಗೆ ದುಡಿಯುತ್ತಿದೆ. ನಾಲ್ಕೈದು ಸಲ ನೋಡಿ ಸರಾಸರಿ ತೆಗೆಯಿರಿ. ಆಮೇಲೆ ಸೋಪಿನ ನೀರು, ಬ್ರಶ್ಶು ಹಿಡಿದು ಜಾಯಿಂಟು, ಹೋಸು, ವಾಲ್ವ್‌ಗಳ ಮೇಲೆ ಸವರಿ. ಗುಳ್ಳೆ ಬಂದ ಕಡೆ ಚೀಟಿ ಕಟ್ಟಿ.

ಒತ್ತಡವನ್ನೂ ನೋಡಿ. 'ಇರಲಿ ಜಾಸ್ತಿ' ಎಂದು ಯಾರೋ ಏರಿಸಿಟ್ಟಿರುತ್ತಾರೆ. ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 7 ಬಾರ್ ಆಸುಪಾಸಿನಲ್ಲಿ 1 ಬಾರ್ ಇಳಿಸಿದರೆ ಕಂಪ್ರೆಸರ್‌ನ ಕರೆಂಟು ಸುಮಾರು 6ರಿಂದ 7 ಶೇಕಡ ಉಳಿಯುತ್ತದೆ. ಒಮ್ಮೆಲೇ ಬೇಡ, ಉಪಕರಣಗಳು ಸರಿಯಾಗಿ ಓಡುತ್ತಿವೆಯೇ ಎಂದು ನೋಡುತ್ತಾ ಸ್ವಲ್ಪ ಸ್ವಲ್ಪವೇ ಇಳಿಸಿ.

3. ಗುಜರಿಗೆ ನಿಜವಾದ ಬೆಲೆ ಕಟ್ಟಿ

ನನ್ನ ಪ್ರಕಾರ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ಗುಜರಿ ಮಾರಿದ ದುಡ್ಡು ಲೆಕ್ಕದ ಪುಸ್ತಕದಲ್ಲಿ 'ಆದಾಯ' ಎಂದು ಬಂದು ಕೂರುತ್ತದೆ. ಓದಲು ಹಿತವಾಗಿಯೇ ಇರುತ್ತದೆ. ಆದರೆ ಆ ಚೂರನ್ನು ನೀವು ಹೊಸ ಮಾಲಿನ ಬೆಲೆಗೆ ಕೊಂಡಿದ್ದಿರಿ. ಅದನ್ನು ಇಳಿಸಿ, ಇಟ್ಟು, ಕತ್ತರಿಸಿ, ಗುಡಿಸಿ, ಮತ್ತೆ ಲಾರಿಗೆ ಹಾಕಿದ ಕೂಲಿಯೂ ಕರೆಂಟೂ ಅದರ ಹೊಟ್ಟೆಯಲ್ಲಿವೆ.

ಒಂದು ಲೆಕ್ಕ ಮಾಡೋಣ. 100 ಕಿಲೋ ತಗಡು ತಂದರೆ 80 ಕಿಲೋ ಮಾಲಾಗುತ್ತದೆ, 20 ಚೂರಾಗುತ್ತದೆ ಎಂದಿಟ್ಟುಕೊಳ್ಳಿ. ಕತ್ತರಿಸುವ ನಕ್ಷೆ ಬದಲಿಸಿ ಚೂರನ್ನು 20ರಿಂದ 15 ಶೇಕಡಕ್ಕೆ ಇಳಿಸಿದಿರಿ. ಈಗ ಅದೇ 80 ಕಿಲೋ ಮಾಲಿಗೆ 94 ಕಿಲೋ ತಂದರೆ ಸಾಕು. ನಿಮ್ಮ ಮಾರಾಟ 100 ಇದ್ದು, ಅದರಲ್ಲಿ ಸಾಮಾನಿನ ಖರ್ಚು 50, ಉಳಿದ ಖರ್ಚು 40, ಲಾಭ 10 ಎನ್ನಿ. ಸಾಮಾನಿನ ಖರ್ಚು 47ಕ್ಕೆ ಇಳಿಯಿತು, ಲಾಭ 13 ಆಯಿತು. ಗುಜರಿಯ ದುಡ್ಡು ಸ್ವಲ್ಪ ಕಡಿಮೆ ಬರುತ್ತದೆ, ಅದನ್ನು ಕಳೆಯಿರಿ. ಆದರೂ ಹೊಸ ಗ್ರಾಹಕರನ್ನು ಹುಡುಕಿ ಇಷ್ಟು ಲಾಭ ಏರಿಸಬೇಕಾದರೆ ಎಷ್ಟು ಓಡಾಡಬೇಕು ಯೋಚಿಸಿ.

ಈ ಬಗೆಯ ಲೆಕ್ಕಕ್ಕೆ ಐಎಸ್‌ಒ 14051 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ, 2011ರಲ್ಲಿ ಬಂದದ್ದು. ಅದನ್ನು ಓದದಿದ್ದರೂ ನಡೆಯುತ್ತದೆ. ಒಳಗೆ ಬಂದ ಕಿಲೋ, ಮಾಲಾಗಿ ಹೊರಗೆ ಹೋದ ಕಿಲೋ, ಇವೆರಡರ ನಡುವಿನ ವ್ಯತ್ಯಾಸ ಎಲ್ಲಿ ಹೋಯಿತು ಎಂದು ಕೇಳುತ್ತಾ ಹೋದರೆ ಸಾಕು.

ನೀರಿಗೂ ಇದೇ ಕ್ರಮ. ತೊಳೆಯುವ ತೊಟ್ಟಿ ಒಂದೇ ಇದ್ದರೆ ಅದನ್ನು ಎರಡೋ ಮೂರೋ ಮಾಡಿ. ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಡಿ, ಅದು ಹಿಂದಕ್ಕೆ ಹರಿದು ಮೊದಲನೆಯದಕ್ಕೆ ಬರಲಿ. ಮಾಲು ಮುಂದಕ್ಕೆ, ನೀರು ಹಿಂದಕ್ಕೆ. ಮಾಲು ಅಷ್ಟೇ ಶುದ್ಧವಾಗುತ್ತದೆ, ನೀರು ಬಹಳ ಕಡಿಮೆ ಸಾಕಾಗುತ್ತದೆ.

4. ಮಷಿನ್ ಮುಂದೆ ನಿಲ್ಲುವವರನ್ನು ಕೇಳಿ

3ಎಂ ಕಂಪನಿ 1975ರಲ್ಲಿ 'ಮಾಲಿನ್ಯ ತಡೆದರೆ ಲಾಭ' ಎಂಬರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಶುರು ಮಾಡಿತು. ಅದು ನಡೆದದ್ದು ಸಿಬ್ಬಂದಿ ತಾವಾಗಿ ಕೊಟ್ಟ ಸಲಹೆಗಳ ಮೇಲೆ. ಅದು ದೊಡ್ಡ ಕಂಪನಿ, ನಿಜ. ಆದರೆ ಸಣ್ಣ ಕಂಪನಿಯಲ್ಲಿ ಈ ಕೆಲಸ ಇನ್ನೂ ಸುಲಭ, ಕೆಲಸಗಾರನಿಗೂ ಮಾಲೀಕನಿಗೂ ನಡುವೆ ಒಂದೇ ಬಾಗಿಲು. ಯಾವ ವಾಲ್ವ್ ಕೈಕೊಡುತ್ತದೆ, ಯಾವ ಶಿಫ್ಟಿನಲ್ಲಿ ಮಾಲು ಹಾಳಾಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಕೇಳಿದ ಮೇಲೆ ಒಂದಾದರೂ ಸಲಹೆಯನ್ನು ಅದೇ ವಾರ ಜಾರಿ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

5. ಈಗ ಕೊಳ್ಳುವ ಮಾತು

ಕ್ರಮ ಹೀಗಿರಲಿ: ಮೊದಲು ನಿಲ್ಲಿಸುವುದು, ಆಮೇಲೆ ಸರಿಪಡಿಸುವುದು, ಆಮೇಲೆ ಬದಲಿಸುವುದು, ಕೊನೆಗೆ ಸೋಲಾರ್. ಬಳಕೆ ಇಳಿದ ಮೇಲೆ ಪ್ಯಾನೆಲ್ ಕೊಂಡರೆ ಚಿಕ್ಕದು ಸಾಕು. ಮೊದಲೇ ಕೊಂಡರೆ ಸೋರಿಕೆಗೂ ಸೇರಿಸಿ ಪ್ಯಾನೆಲ್ ಕೊಂಡ ಹಾಗೆ.

ಮೋಟಾರು ಕೊಳ್ಳುವಾಗ ಬೆಲೆಚೀಟಿ ಒಂದನ್ನೇ ನೋಡಬೇಡಿ. ದಿನದ ಬಹುಪಾಲು ಓಡುವ ಮೋಟಾರಿನ ಜೀವಮಾನದ ಖರ್ಚಿನಲ್ಲಿ ಕೊಂಡ ಬೆಲೆ ಸಣ್ಣ ಪಾಲು, ಕರೆಂಟೇ ದೊಡ್ಡದು. ಐಇ3, ಐಇ4 ಎಂಬ ಗುರುತು ನೋಡಿ, ಅಂಕಿ ಹೆಚ್ಚಿದ್ದಷ್ಟೂ ದಕ್ಷತೆ ಹೆಚ್ಚು. ಫ್ಯಾನಿನ ವೇಗ 20 ಶೇಕಡ ಇಳಿಸಿದರೆ ಅದು ತಿನ್ನುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಅದಕ್ಕೇ ಗಾಳಿಕೊಳವೆಯ ಬಾಗಿಲು ಅರ್ಧ ಮುಚ್ಚಿ ಗಾಳಿ ತಡೆಯುವ ಬದಲು ವೇಗ ಇಳಿಸುವ ಡ್ರೈವ್ ಹಾಕುವುದು ಒಳ್ಳೆಯದು. ಎತ್ತರಕ್ಕೆ ನೀರೆತ್ತುವ ಪಂಪಿಗೆ ಈ ಲೆಕ್ಕ ಇಷ್ಟು ಚೆನ್ನಾಗಿ ಕೂಡುವುದಿಲ್ಲ, ಮಾರುವವರು ಅದನ್ನು ಹೇಳದೇ ಇರಬಹುದು.

6. ದೊಡ್ಡ ಗ್ರಾಹಕರ ಪ್ರಶ್ನಾವಳಿ ಬಂದರೆ

'ನಿಮ್ಮ ಕಾರ್ಬನ್ ಎಷ್ಟು?' ಎಂದು ದೊಡ್ಡ ಕಂಪನಿಗಳು ಈಗ ಕೇಳುತ್ತವೆ. ಜಿಎಚ್‌ಜಿ ಪ್ರೋಟೋಕಾಲ್ ಎಂಬ, ಹಸಿರುಮನೆ ಅನಿಲಗಳ ಲೆಕ್ಕದ ಕ್ರಮ 2001ರಿಂದ ಇದೆ. ನೀವೇ ಉರಿಸುವ ಇಂಧನ ಮೊದಲ ವರ್ಗ, ಕೊಂಡ ಕರೆಂಟು ಎರಡನೆಯದು, ಸರಬರಾಜು, ಸಾಗಣೆ ಮುಂತಾದ ಉಳಿದದ್ದೆಲ್ಲ ಮೂರನೆಯದು. ನಿಮ್ಮ ಹೊಗೆ ಅವರ ಮೂರನೆಯ ವರ್ಗಕ್ಕೆ ಸೇರುತ್ತದೆ, ಅದಕ್ಕೇ ಕೇಳುವುದು.

ಗಾಬರಿ ಬೇಡ. ಮೊದಲ ಹೆಜ್ಜೆಯ ಬಿಲ್ಲುಗಳಲ್ಲೇ ಮೊದಲೆರಡರ ಉತ್ತರ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್. ಒಂದು ಕಿಲೋಗಿಂತ ಕಡಿಮೆ ತೂಗುವ ಎಣ್ಣೆಯಿಂದ ಅಷ್ಟೊಂದು ಹೇಗೆ ಎಂದು ನನಗೂ ಮೊದಲು ಅನಿಸಿತ್ತು. ಗಾಳಿಯ ಆಮ್ಲಜನಕ ಸೇರಿ ತೂಕ ಏರುತ್ತದೆ. ಕರೆಂಟಿಗಾದರೆ, ಒಂದು ಯೂನಿಟ್ಟಿಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಎಂದು ನಿಮ್ಮ ದೇಶದ ಗ್ರಿಡ್ಡಿಗೆ ಪ್ರಕಟವಾಗುವ ಅಂಕಿಯಿಂದ ಯೂನಿಟ್ಟುಗಳನ್ನು ಗುಣಿಸಿ. ಯುರೋಪಿನಲ್ಲಿ ಸಣ್ಣ ಕಂಪನಿಗಳಿಗೆಂದೇ ವಿಎಸ್‌ಎಂಇ ಎಂಬ ಐಚ್ಛಿಕ ವರದಿ ಮಾದರಿ 2024ರ ಡಿಸೆಂಬರ್‌ನಲ್ಲಿ ಬಂತು. ಅದರ ಅಂಕಣಗಳನ್ನು ನೋಡಿದರೆ ಏನೇನು ಕೇಳಬಹುದು ಎಂಬ ಅಂದಾಜು ಸಿಗುತ್ತದೆ.

ಐಎಸ್‌ಒ 14001 ಎಂಬ ಪರಿಸರ ನಿರ್ವಹಣೆಯ ಸರ್ಟಿಫಿಕೇಟನ್ನು ಗ್ರಾಹಕರು ಕೇಳಿದಾಗ ತೆಗೆದುಕೊಳ್ಳಿ. ಗೋಡೆಗೆ ಹಾಕಲು ಬೇಡ.

7. ಹೇಳುವಾಗ ಸಂಖ್ಯೆ ಹೇಳಿ

'ಪರಿಸರ ಸ್ನೇಹಿ', 'ಹಸಿರು ಉತ್ಪನ್ನ' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವುದು ಸುಲಭ. ಯಾರಾದರೂ 'ಹೇಗೆ?' ಎಂದರೆ ಉತ್ತರ ಇರುವುದಿಲ್ಲ. 'ಕಳೆದ ವರ್ಷಕ್ಕಿಂತ ಒಂದು ನಗಕ್ಕೆ ಇಷ್ಟು ನೀರು ಕಡಿಮೆ' ಎಂದು ಬರೆಯಿರಿ. ಒಟ್ಟು ಬಳಕೆಯನ್ನೂ ಪಕ್ಕದಲ್ಲಿ ಕೊಡಿ. ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಯಂತ್ರ ಬಂದ ಮೇಲೆ ಒಟ್ಟು ಕಲ್ಲಿದ್ದಲು ಬಳಕೆ ಏರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಬರೆದಿದ್ದ. ನಿಮ್ಮಲ್ಲೂ ನಗದ ಲೆಕ್ಕ ಇಳಿದು ಒಟ್ಟು ಏರಿರಬಹುದು. ಹಾಗಿದ್ದರೆ ಹಾಗೆಂದೇ ಬರೆಯಿರಿ. ಮತ್ತೆ ಆ 12 ತಿಂಗಳ ಬಿಲ್ಲಿನ ಫೈಲು ಕೈಗೆ ಸಿಗುವ ಕಡೆ ಇರಲಿ, ಕೇಳಿದವರಿಗೆ ತೋರಿಸಬೇಕಾಗುತ್ತದೆ.